ವಿಶ್ವವಿದ್ಯಾಲಯದ ಎಲ್ಲ ವಿಭಾಗಗಳ ಸಂಶೋಧನಾ ದತ್ತಾಂಶಕ್ಕೂ ಒಂದೇ ಮೆಟಾಡೇಟಾ (ದತ್ತಾಂಶದ ಬಗೆಗಿನ ವಿವರ) ಫಾರ್ಮ್ ಸಾಲದೇ?

ಸಾಲದು. ಎಲ್ಲರಿಗೂ ಸಮಾನವಾದ ಚಿಕ್ಕ ತಿರುಳೊಂದು, ಅದರ ಮೇಲೆ ವಿಷಯಕ್ಕೆ ತಕ್ಕ ಪದರ, ಎರಡೂ ಬೇಕು. ತಿರುಳಿಗೆ, ದತ್ತಾಂಶಗಳಿಗೆ ಶಾಶ್ವತ ಗುರುತು ಸಂಖ್ಯೆ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆ ಡೇಟಾಸೈಟ್ ಕಡ್ಡಾಯ ಮಾಡಿರುವ ಆರು ಅಂಶ ಸಾಕು: ಗುರುತು ಸಂಖ್ಯೆ, ರಚಿಸಿದವರು, ಶೀರ್ಷಿಕೆ, ಪ್ರಕಾಶಕರು, ಪ್ರಕಟಣೆಯ ವರ್ಷ, ದತ್ತಾಂಶದ ಬಗೆ. ಇವುಗಳಿಂದ ಕಡತ ಸಿಗುತ್ತದೆ, ಆದರೆ ಒಳಗಿನ ಅಂಕಿಯನ್ನು ನಂಬಿ ಬಳಸಲಾಗದು.

ತುಂಗಭದ್ರಾ ಅಚ್ಚುಕಟ್ಟಿನ ಸವಳು ಮಣ್ಣನ್ನೇ ನೋಡಿ. ಲವಣಾಂಶ ತಿಳಿಯಲು ವಿದ್ಯುತ್ ವಾಹಕತೆ ಅಳೆಯುತ್ತಾರೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿದರೆ ಉಪ್ಪು ತೆಳುವಾಗುತ್ತದೆ. ಹಾಗಾಗಿ ಅದೇ ಮಣ್ಣನ್ನು ನೀರಿನಿಂದ ಕೆಸರಿನಂತೆ ಕಲಸಿ, ಹಿಂಡಿ ತೆಗೆದ ಸಾರದಲ್ಲಿ ಅಳೆದದ್ದಕ್ಕಿಂತ ಅಂಕಿ ಬಹಳ ಕಡಿಮೆ ಬರುತ್ತದೆ. ಬರೀ ‘4’ ಎಂದಿದ್ದರೆ ಯಾವ ವಿಧಾನದ್ದೆಂದು ಹೇಳುವಂತಿಲ್ಲ. ಆದ್ದರಿಂದ ವಿಧಾನ, ಏಕಮಾನ, ಮಾದರಿ ತೆಗೆದ ಆಳ ಈ ಪದರದಲ್ಲಿ ಕಡ್ಡಾಯವಾಗಬೇಕು.

ಊರು, ಜಿಲ್ಲೆಯ ಹೆಸರನ್ನು ಕೈಯಿಂದ ಟೈಪಿಸಲು ಬಿಡಬೇಡಿ, ಪಟ್ಟಿಯಿಂದ ಆರಿಸಲಿ. ಗಂಗಾವತಿ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಈಗ ಕೊಪ್ಪಳದ್ದು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರಲ್ಲಿ ಬದಲಾಯಿತು. ಗ್ರಾಮದ ಕೋಡ್, ಅಕ್ಷಾಂಶ-ರೇಖಾಂಶ ಇದ್ದರೆ ಈ ಗೊಂದಲವಿಲ್ಲ. ದಿನಾಂಕದಲ್ಲಿ ವರ್ಷ ಮೊದಲು: 2023-04-03. ಆದರೆ ಕಡ್ಡಾಯ ಖಾನೆಗಳ ಸಂಖ್ಯೆಯನ್ನು ಮಿತಿಯಲ್ಲಿಡಿ. ಹೆಚ್ಚಾದರೆ ಜನ ‘ಅನ್ವಯಿಸದು’ ಎಂದು ತುಂಬಿ ಕೈತೊಳೆದುಕೊಳ್ಳುತ್ತಾರೆ.