‘ವಾರ್ನಿಂಗ್ ಹಾಕಿದ್ದೆ ಮೇಡಂ, ಅವರು ನೋಡಲಿಲ್ಲ’

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ದಾವಣಗೆರೆಯ ಹುಡುಗ, ವಯಸ್ಸು 27. ಮೆಕ್ಕೆಜೋಳದ ದಲಾಲಿ ಮಂಡಿಗಳ ಬಿಲ್ಲಿಂಗ್‌ಗೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಲೈಬ್ರರಿ, ಎಂದರೆ ಬೇರೆಯವರೂ ತಮ್ಮ ಸಾಫ್ಟ್‌ವೇರಿನಲ್ಲಿ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡ್, ಬರೆದಿದ್ದ. ಊರಿನ ಇನ್ನೂ ಆರು ಜನ ಡೆವಲಪರ್‌ಗಳು ಅದನ್ನೇ ಬಳಸುತ್ತಿದ್ದರು. ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದಂತೆ.

ಆದದ್ದಿಷ್ಟು. ತೂಕವನ್ನು ಕಿಲೋ ಲೆಕ್ಕದಲ್ಲಿ, ಫ್ಲೋಟ್ (ಕಂಪ್ಯೂಟರಿನ ದಶಮಾಂಶ ಸಂಖ್ಯೆ) ಆಗಿ, ಯಾರ ಕೋಡ್ ಬೇಕಾದರೂ ಮುಟ್ಟುವಂಥ ಫೀಲ್ಡಿನಲ್ಲಿ, ಎಂದರೆ ಮಾಹಿತಿ ಇಡುವ ಹೆಸರಿನಲ್ಲಿ, ಇಟ್ಟಿದ್ದ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಕರಾರುವಾಕ್ಕಾಗಿ 0.3 ಬರುವುದಿಲ್ಲ, ನೂರಾರು ಚೀಲದ ಮೊತ್ತದಲ್ಲಿ ಆಗೀಗ ಪೈಸೆ ಹೆಚ್ಚುಕಮ್ಮಿ ಆಗುತ್ತಿತ್ತು. ಸರಿಪಡಿಸಲು ಒಳಗೆ ಗ್ರಾಂ ಲೆಕ್ಕದ ಪೂರ್ಣಾಂಕ ಮಾಡಿ, ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿ (ಪೈಥಾನ್‌ನಲ್ಲಿ ಇದು ‘ಒಳಗಿನದು, ಹೊರಗಿನವರು ಮುಟ್ಟಬೇಡಿ’ ಎಂಬ ಗುರುತು), ಹಳೆಯ ಫೀಲ್ಡನ್ನು ತೆಗೆದುಬಿಟ್ಟ. ಸೋಮವಾರ ಹರಾಜು ಮುಗಿದು ಲಾರಿ ನಿಂತಿದೆ, ಒಂದು ಮಂಡಿಯಲ್ಲಿ ಬಿಲ್ಲೇ ಬರುತ್ತಿಲ್ಲ; ಅಲ್ಲಿಯ ಕೋಡ್ ಹಳೆಯ ಫೀಲ್ಡನ್ನೇ ಹುಡುಕುತ್ತಿತ್ತು. ಇವನು ಅಣ್ಣ ಎನ್ನುವ ಹಿರಿಯ ಡೆವಲಪರ್ ಎಲ್ಲರೆದುರಿಗೆ ಬೈದರು.

“ಎರಡು ತಿಂಗಳು ಮೊದಲೇ ವಾರ್ನಿಂಗ್ ಹಾಕಿದ್ದೆ ಮೇಡಂ. ನೋಡ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?”

ಈ ಕೆಲಸಕ್ಕೆ ಬರುವ ಮುಂಚೆ ನಾನೂ ಕೋಡ್ ಬರೆದವಳೇ. ಯಾವ ವಾರ್ನಿಂಗ್ ಎಂದೆ. ಡೆಪ್ರಿಕೇಶನ್‌ವಾರ್ನಿಂಗ್, ಎಂದರೆ ‘ಇದನ್ನು ಮುಂದೆ ತೆಗೆಯುತ್ತೇವೆ’ ಎಂದು ಡೆವಲಪರ್‌ಗಳಿಗೆ ಕೊಡುವ ಎಚ್ಚರಿಕೆ. ಮುಖ್ಯ ಸ್ಕ್ರಿಪ್ಟಿನಲ್ಲೇ ಎದ್ದರೆ ಸರಿ, ಬೇರೆ ಮಾಡ್ಯೂಲ್‌ಗಳಲ್ಲಿ (ಅದು ಸೇರಿಸಿಕೊಳ್ಳುವ ಇತರ ಕೋಡ್ ಫೈಲುಗಳಲ್ಲಿ) ಎದ್ದದ್ದನ್ನು ಪೈಥಾನ್ ನುಂಗಿ ಕೂರುತ್ತದೆ. ಅಲ್ಲೇ ಲ್ಯಾಪ್‌ಟಾಪ್ ತೆಗೆಸಿ ಓಡಿಸಿದೆವು. ಸ್ಕ್ರೀನಿನ ಮೇಲೆ ಒಂದು ಸಾಲೂ ಇಲ್ಲ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಮುಚ್ಚಿದ್ದು ತಪ್ಪಲ್ಲ ಎಂದೆ. ಒಳಗಿನದನ್ನು ಬದಲಿಸುವ ಹಕ್ಕು ಬರೆದವನಿಗಿಲ್ಲದಿದ್ದರೆ ಆ ಪೈಸೆಯ ತಪ್ಪು ಎಂದಿಗೂ ಹೋಗುವುದಿಲ್ಲ. ಆದರೆ ಇಷ್ಟು ದಿನ ಬಾಗಿಲು ತೆರೆದಿಟ್ಟವನೂ ನೀನೇ ಅಲ್ವಾ? ದೊಡ್ಡವರೂ ಬಾಗಿಲನ್ನು ನಿಧಾನವಾಗಿಯೇ ಮುಚ್ಚಿದರು: ರಿಫ್ಲೆಕ್ಷನ್ (ಓಡುತ್ತಿರುವ ಪ್ರೋಗ್ರಾಮಿನ ಒಳಭಾಗವನ್ನು ಕೋಡ್‌ನಿಂದಲೇ ತಡಕುವ ಉಪಾಯ) ಮೂಲಕ ಒಳಗೆ ಕೈಹಾಕುವವರಿಗೆ ಜಾವಾ ಭಾಷೆ 2017ರ 9ನೇ ಆವೃತ್ತಿಯಲ್ಲಿ ಬರೀ ಎಚ್ಚರಿಕೆ ಕೊಟ್ಟಿತು. ಡೀಫಾಲ್ಟ್ ಆಗಿ ಬೀಗ ಬಿದ್ದದ್ದು 2021ರಲ್ಲಿ, 16ನೇ ಆವೃತ್ತಿಗೆ.

ಕೊಟ್ಟ ಸಲಹೆ: ಇವತ್ತೇ ಹಳೆಯ ಹೆಸರನ್ನು ಪ್ರಾಪರ್ಟಿಯಾಗಿ (ಹೊರಗೆ ಫೀಲ್ಡಿನಂತೆ ಕಂಡರೂ ಒಳಗೆ ಕೋಡ್ ಓಡಿಸುವಂಥದ್ದು) ವಾಪಸ್ ತಾ. ಓದಿದರೆ ಗ್ರಾಂ ಅನ್ನು ಸಾವಿರದಿಂದ ಭಾಗಿಸಿ ಕಿಲೋ ಕೊಡಲಿ, ಬರೆದರೆ ಗ್ರಾಂಗೆ ತಿರುಗಿಸಿಕೊಳ್ಳಲಿ. ಅವರ ಕೋಡಿನಲ್ಲಿ ಒಂದಕ್ಷರ ಬದಲಾಗಬೇಕಿಲ್ಲ. ಕಿಲೋಗಳನ್ನು ತಾವೇ ಕೂಡಿಸಿಕೊಳ್ಳುವವರಿಗೆ ಹಳೇ ತೊಂದರೆ ಹಾಗೇ ಇರುತ್ತದೆ, ಅದನ್ನು ಮುಚ್ಚಿಡದೆ ಹೇಳು. ವಾರ್ನಿಂಗ್ ಫ್ಯೂಚರ್‌ವಾರ್ನಿಂಗ್ ಆಗಲಿ, ಅದನ್ನು ಪೈಥಾನ್ ನುಂಗುವುದಿಲ್ಲ, ಕಣ್ಣಿಗೆ ಬೀಳುತ್ತದೆ. ತೆಗೆಯುವುದೇನಿದ್ದರೂ ಮುಂದಿನ ದೊಡ್ಡ ಆವೃತ್ತಿ 2.0.0ರಲ್ಲಿ. ಹಾಗಂತ, ಯಾರೂ ಮುಟ್ಟದ ಉಳಿದ ಫೀಲ್ಡ್‌ಗಳನ್ನು ಹೆದರಿಕೊಂಡು ಮತ್ತೆ ತೆರೆಯಬೇಡ.

ಆಮೇಲೆ ಆರೂ ಜನಕ್ಕೆ ಫೋನ್, ಮೆಸೇಜ್ ಅಲ್ಲ. ಹುಡುಗನ ಮುಖ ಬಾಡಿದ್ದು ಇದಕ್ಕೆ. ಅಣ್ಣನಿಗೆ ಹೇಳುವ ಮಾತನ್ನು ಬರೆದುಕೊಂಡು ಬಾ ಎಂದಿದ್ದೆ. ತಂದ ಚೀಟಿಯಲ್ಲಿ ಐದು ಸಲ ‘ಸಾರಿ’ ಇತ್ತು, ತಾರೀಖು ಇರಲಿಲ್ಲ. ನಾಲ್ಕು ಹೊಡೆದುಹಾಕಿ ತಾರೀಖು ಬರೆಸಿದೆ.

ಮೂರು ವಾರ ಬಿಟ್ಟು ಬಂದ. ನಾಲ್ಕು ಜನ ಹೊಸದಕ್ಕೆ ಹೊಂದಿಕೊಂಡಿದ್ದರು. ಅಣ್ಣ ಮಾತ್ರ “ಸೀಸನ್ ಮುಗಿಯೋ ತನಕ ತೆಗೀಬ್ಯಾಡಪ್ಪ” ಅಂದರಂತೆ. ಏಪ್ರಿಲ್ 1ಕ್ಕೆ ತೆಗೀತೀನಿ ಅಣ್ಣ ಎಂದು ಇವನೂ ಹೇಳಿದ್ದಾನೆ. ನಿದ್ದೆ ಪರವಾಗಿಲ್ಲ. ಫೋನ್ ಇನ್ನೂ ಸೈಲೆಂಟಿನಲ್ಲೇ ಇದೆ.