ಒಡವೆ ಹಾಕಿದ ಗಂಡಸು ಮೆತ್ತಗಾಗ್ತಾನಾ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಮೊಮ್ಮಗಳು ಫೋನಿನಲ್ಲಿ ಚೀನಾದ ರಾಜರ ಕಾಲದ ಧಾರಾವಾಹಿ ನೋಡುತ್ತಾಳಂತೆ. 'ಅದರಲ್ಲಿ ಗಂಡಸರ ತಲೆಗೆ ಹೂವು, ಜುಟ್ಟಿಗೆ ಕಡ್ಡಿ, ಸೊಂಟದಲ್ಲಿ ಜೋತಾಡುವ ಹಸಿರು ಕಲ್ಲು. ಇದೆಲ್ಲ ನಿಜವೋ, ಸುಮ್ನೆ ಕಟ್ಟಿದ್ದೋ? ನಿಜವಾದರೆ ಇಷ್ಟು ಶೋಕಿ ಮಾಡುವವರು ಯುದ್ಧ ಯಾವಾಗ ಮಾಡುತ್ತಿದ್ದರು? ಒಡವೆ ಹೆಂಗಸರಿಗೆ ಇರಲಿ, ಗಂಡಸಿಗೆ ಸರಳತೆಯೇ ಚೆಂದ' ಎಂದು ಬರೆದಿದ್ದಾರೆ.

ಮೇಷ್ಟ್ರೇ, ಪ್ರಶ್ನೆ ಕೇಳುವ ಮೊದಲೇ ಉತ್ತರ ಬರೆದು ಇಟ್ಟುಕೊಂಡಿದ್ದೀರಿ! ಆದರೂ ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳೋದಿಲ್ಲ. ಧಾರಾವಾಹಿಯವರು ಬಣ್ಣ ಜಾಸ್ತಿ ಬಳಿಯುತ್ತಾರೆ. ಶೋಕಿಲಾಲರು ಎಲ್ಲ ಕಾಲದಲ್ಲೂ ಇದ್ದರು. ಅದಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗೋಣ.

ಆ ಸೊಂಟದ ಕಲ್ಲು ಜೇಡ್. ಉಕ್ಕಿನ ಚಾಕುವಿಗೂ ಬಗ್ಗದ ಕಲ್ಲು ಅದು. ಮರಳಿನಂಥ ಗಟ್ಟಿ ಪುಡಿ ಹಾಕಿ, ನೀರು ಬಿಟ್ಟು, ತಿಂಗಳುಗಟ್ಟಲೆ ಉಜ್ಜಿ ಉಜ್ಜಿಯೇ ಆಕಾರ ಕೊಡಬೇಕು. ಲೀಜಿ ಎಂಬ ಹಳೆಯ ಆಚಾರಗ್ರಂಥದ ಪ್ರಕಾರ ಸಜ್ಜನನಾದವನ ಸೊಂಟಪಟ್ಟಿಯಲ್ಲಿ ಜೇಡ್ ಇರಲೇಬೇಕು, ಸೂತಕದಲ್ಲಿ ಮಾತ್ರ ಬೇಡ. ಬಲಗಡೆಯ ಕಲ್ಲುಗಳು ಎರಡು ಸ್ವರ, ಎಡಗಡೆಯವು ಬೇರೆ ಎರಡು ಸ್ವರ ಹೊರಡಿಸಬೇಕು. ಹದವಾಗಿ ನಡೆದರೆ ಕಿಣಿಕಿಣಿ ಎನ್ನುತ್ತವೆ. ದಡಬಡ ಓಡಿದರೆ ಕಲ್ಲಿಗೆ ಕಲ್ಲು ಬಡಿದು ಎಲ್ಲರೂ ತಿರುಗಿ ನೋಡುತ್ತಾರೆ. ಆ ಸದ್ದು ಕೇಳುತ್ತಿದ್ದರೆ ಕೆಟ್ಟ ಯೋಚನೆ ಮನಸ್ಸಿನೊಳಗೆ ನುಗ್ಗೋದಿಲ್ಲ ಅಂತಲೂ ಅದೇ ಗ್ರಂಥ ಹೇಳುತ್ತದೆ. ಇದನ್ನು ಶೋಕಿ ಅಂತೀರಾ? ನಾನು ಲಗಾಮು ಅಂತೀನಿ.

ಇನ್ನು ಯುದ್ಧದ ಮಾತು. ಕ್ರಿ.ಪೂ. 685ರಲ್ಲಿ ಚೀ ಎಂಬ ರಾಜ್ಯದ ಪಟ್ಟಕ್ಕೆ ಇಬ್ಬರು ರಾಜಕುಮಾರರ ನಡುವೆ ಪೈಪೋಟಿ. ಒಬ್ಬನ ಕಡೆಯ ಗ್ವಾನ್ ಝೋಂಗ್ ಇನ್ನೊಬ್ಬನಿಗೆ ಬಾಣ ಬಿಟ್ಟ. ಬಾಣ ಬಡಿದದ್ದು ಸೊಂಟಪಟ್ಟಿಯ ಕೊಕ್ಕೆಗೆ. ಸಾಮಾನ್ಯವಾಗಿ ಇಂಥ ಕೊಕ್ಕೆಗಳು ಕಂಚಿನವು. ಒಂದು ತುದಿಯಲ್ಲಿ ಹಕ್ಕಿಯದೋ ಡ್ರ್ಯಾಗನ್ನಿನದೋ ತಲೆ, ಹಿಂಬದಿಯಲ್ಲಿ ಪಟ್ಟಿಯ ಸೀಳಿಗೆ ಸಿಕ್ಕಿಸುವ ಗುಂಡಿ, ಶ್ರೀಮಂತರದ್ದಾದರೆ ಮೈಮೇಲೆ ಚಿನ್ನ ಬೆಳ್ಳಿಯ ಗೆರೆ. ರಾಜಕುಮಾರ ಸತ್ತವನಂತೆ ಬಿದ್ದುಕೊಂಡು ನಟಿಸಿದ, ಆಮೇಲೆ ಪಟ್ಟಕ್ಕೂ ಏರಿದ. ಬಾಣ ಬಿಟ್ಟವನನ್ನೇ ಕರೆದು ಮಂತ್ರಿ ಮಾಡಿಕೊಂಡ! ಚೀ ರಾಜ್ಯ ಉಳಿದವರಿಗೆಲ್ಲ ದೊಡ್ಡಣ್ಣನಾಗಿದ್ದು ಆ ಜೋಡಿಯಿಂದಲೇ.

ಶಿಯೆ ಶುವಾನ್ ಎಂಬ ಹುಡುಗನಿಗೆ ನೇರಳೆ ರೇಷ್ಮೆಯ ಸುಗಂಧದ ಚೀಲ ಕಟ್ಟಿಕೊಳ್ಳುವ ಹುಚ್ಚು. ಚಿಕ್ಕಪ್ಪ ಶಿಯೆ ಆನ್‌ಗೆ ನಿಮ್ಮ ಹಾಗೇ ಅದು ಹಿಡಿಸುತ್ತಿರಲಿಲ್ಲ. ಆದರೆ ಬೈದರೆ ಹುಡುಗ ನೊಂದಾನು. ಅದಕ್ಕೆ ಆಟಕ್ಕೆ ಕರೆದು, ಚೀಲವನ್ನೇ ಪಣಕ್ಕೆ ಇಡಿಸಿ, ಗೆದ್ದು, ಸುಟ್ಟುಬಿಟ್ಟ. ಮನೆಯ ಹಿರಿಯರಿಗೆ ಇರಬೇಕಾದ ನಾಜೂಕು ಅಂದರೆ ಇದು. ಚೀಲವೇನೋ ಹೋಯಿತು. ಆದರೆ ಕ್ರಿ.ಶ. 383ರಲ್ಲಿ ಫೇ ನದಿಯ ದಂಡೆಯಲ್ಲಿ ತನಗಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯವನ್ನು ಓಡಿಸಿದ ಸೇನಾನಿ ಅದೇ ಹುಡುಗ. ಪರಿಮಳದ ಗೀಳು ಅವನನ್ನು ಮೆತ್ತಗೆ ಮಾಡಿತ್ತಾ, ನೀವೇ ಹೇಳಿ.

ಹೂವಿನ ಕತೆ ಸೋಂಗ್ ರಾಜವಂಶದ ಕಾಲದ್ದು. ಸರ್ಕಾರಿ ಹುದ್ದೆಯ ಪರೀಕ್ಷೆ ಪಾಸಾದವರಿಗೆ ಅರಮನೆಯ ಕಡೆಯಿಂದ ಔತಣ, ತಲೆಗೆ ಮುಡಿಯಲು ಹೂವು. 1038ರಲ್ಲಿ ಪಾಸಾದ ಸಿಮಾ ಗುವಾಂಗ್‌ಗೆ ಆಡಂಬರ ಅಂದರೆ ಆಗದು. ಒಬ್ಬನೇ ಹೂವಿಲ್ಲದೆ ಕೂತಿದ್ದ. ಜೊತೆಯವನು, 'ದೊರೆ ಕೊಟ್ಟಿದ್ದನ್ನು ಬೇಡ ಅನ್ನಬಾರದು' ಎಂದಮೇಲೆ ಒಂದೇ ಒಂದು ಹೂವು ಸಿಕ್ಕಿಸಿಕೊಂಡ. ಮುಂದೆ ದೊಡ್ಡ ಇತಿಹಾಸಕಾರನೂ ಮಂತ್ರಿಯೂ ಆದ ಮನುಷ್ಯ ಈತ. ಮೇಷ್ಟ್ರೇ, ಇವನು ನಿಮ್ಮ ಪೈಕಿ. ತಗೊಳ್ಳಿ, ಒಬ್ಬನನ್ನು ಬಿಟ್ಟುಕೊಟ್ಟೆ.

ನನಗೆ ಎಲ್ಲಕ್ಕಿಂತ ಇಷ್ಟ ಚಕ್ರವರ್ತಿಯ ಕಿರೀಟ. ಮೇಲೊಂದು ಚಪ್ಪಟೆ ಹಲಗೆ, ಅದರ ಮುಂದಿನ ಅಂಚಿನಿಂದ ಕಣ್ಣೆದುರಿಗೆ ಇಳಿಬಿದ್ದ 12 ಮಣಿಸರ. ಕಿವಿಯ ಪಕ್ಕಕ್ಕೂ ಒಂದೊಂದು ಜೇಡ್ ತುಂಡು. ಸಣ್ಣಪುಟ್ಟ ತಪ್ಪು ಕಣ್ಣಿಗೆ ಬೀಳದಿರಲಿ, ಚಾಡಿ ಮಾತು ಕಿವಿಗೆ ಹೋಗದಿರಲಿ ಅಂತ ಹಳಬರು ಇದಕ್ಕೆ ಅರ್ಥ ಹೇಳುತ್ತಿದ್ದರು. ತಲೆ ಜೋರಾಗಿ ತಿರುಗಿಸಿದರೆ ಮಣಿಗಳೆಲ್ಲ ಮುಖಕ್ಕೆ ಬಡಿಯುತ್ತವೆ, ಹಾಗಾಗಿ ನೆಟ್ಟಗೆ ಕೂರಲೇಬೇಕು. ನಮ್ಮ ಸಭೆಗಳಲ್ಲಿ ಮೈಕು ಕಿತ್ತು ಎಸೆಯುವ ದೊಡ್ಡ ಮನುಷ್ಯರಿಗೆ ಇಂಥದ್ದೊಂದು ಮಾಡಿಸಿ ಕೊಡಬೇಕು ಅಂತ ನನಗೆ ಬಹಳ ಸಲ ಅನ್ನಿಸಿದೆ.

ಒಡವೆ ಬರೀ ಅಂತಸ್ತಿನ ಗುರುತಾಗಿ ಉಳಿದದ್ದೂ ಉಂಟು. ಬಿಲ್ಲಿನ ಹೆದೆ ಎಳೆಯುವಾಗ ಹೆಬ್ಬೆರಳು ಕುಯ್ಯದಿರಲಿ ಅಂತ ಹಾಕುತ್ತಿದ್ದ ಉಂಗುರವನ್ನೇ ನೋಡಿ. 1976ರಲ್ಲಿ ಚೀನಾದ ಅನ್ಯಾಂಗ್‌ನಲ್ಲಿ ಅಗೆದ, ಮೂರು ಸಾವಿರ ವರ್ಷಕ್ಕೂ ಹಳೆಯ ಸಮಾಧಿಯಲ್ಲಿ, ಹೆದೆ ಕೂರುವ ಗೀರು ಇರುವಂಥದ್ದು ಸಿಕ್ಕಿತು. ಸಮಾಧಿ ಫೂ ಹಾವ್ ಎಂಬ ರಾಣಿಯದು, ಸೈನ್ಯ ನಡೆಸಿದ ಹೆಂಗಸು. ನಿಮ್ಮ 'ಹೆಂಗಸರಿಗೆ ಇರಲಿ' ಇಲ್ಲಿ ಬೇರೆ ರೀತಿ ನಿಜವಾಗಿದೆ ನೋಡಿ! ಚೀನಾದ ಕೊನೆಯ ರಾಜವಂಶವಾದ ಚಿಂಗ್ ಕಾಲದ ಹೊತ್ತಿಗೆ ಬಿಲ್ಲು ಮುಟ್ಟದವರ ಹೆಬ್ಬೆರಳಲ್ಲೂ ಆ ಉಂಗುರ ಬಂದು ಕೂತಿತ್ತು. ಅದು ಶೋಕಿ, ಒಪ್ಪಿದೆ. ಆ ಕಾಲದ ಅಧಿಕಾರಿಗಳ ಕೊರಳಿನ 108 ಮಣಿಯ ಸರದ ಮೂಲ ಮಾತ್ರ ನಮ್ಮ ನೆಲದಿಂದ ಹೋದ ಬೌದ್ಧರ ಜಪಮಾಲೆ.

ಸರಳತೆ ಅಂತೀರಲ್ಲ, ಇವತ್ತಿನ ಗಂಡಸು ಒಡವೆ ಬಿಟ್ಟಿದ್ದಾನಾ? ಲಕ್ಷದ ವಾಚು, ಎರಡೆರಡು ಫೋನು, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುವ ಕಾರಿನ ಕೀ. ಇವುಗಳಲ್ಲಿ ಒಂದಾದರೂ ಅವನನ್ನು ನೆಟ್ಟಗೆ ನಡೆಸುತ್ತದಾ? ನಮ್ಮ ಹಳ್ಳಿಗಳ ಅಜ್ಜಂದಿರು ಕಿವಿಯಲ್ಲಿ ಹತ್ತಕಡಕು ಇಟ್ಟುಕೊಂಡೇ ನೇಗಿಲು ಹಿಡಿದವರು. ಅವರ ಮೊಮ್ಮಕ್ಕಳು ಕಿವಿಗೆ ಒಂಟಿ ಹಾಕಿ ಬಂದರೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದೆವು. ನೀವೂ ಎಷ್ಟೋ ಹುಡುಗರ ಒಂಟಿ ಬಿಚ್ಚಿಸಿರುತ್ತೀರಿ ಅಂತ ನನ್ನ ಗುಮಾನಿ. ಹೌದಾದರೆ ಅದರ ಬಗ್ಗೆಯೂ ಒಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ.

— ಸಂಪಾದಕ