ಕಣ್ಣಿನ ಬಿಳಿಭಾಗದ ಮೇಲೆ ಬಂದಿರುವ ಗುಲಾಬಿ ಊತ ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಹೌದೋ ಅಲ್ವೋ ಅಂತ ಹೇಗೆ ಗೊತ್ತಾಗುತ್ತದೆ?
ಸಕಲೇಶಪುರದ ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ಕೆಳರೆಪ್ಪೆ ಎಳೆದರೆ ಒಳಗೆ ನಯವಾದ ತಿಳಿ ಗುಲಾಬಿ ಪಟ್ಟಿ, ನೋವಿಲ್ಲ, ಕೀವಿಲ್ಲ. ಅಲರ್ಜಿ ಅಂತ ಮೂರು ತಿಂಗಳು ಸುಮ್ನೆ ಡ್ರಾಪ್ಸ್ ಹಾಕಿದ್ದೇ ಬಂತು.

ಬರೀ ನೋಡಿ ಹೇಳಲು ಆಗುವುದಿಲ್ಲ. ಅದೇ ಕಣಗಳು ಸೇರಿ ಆಗುವ, ಕ್ಯಾನ್ಸರ್ ಅಲ್ಲದ ಲಿಂಫಾಯ್ಡ್ ಊತವೂ ಥೇಟ್ ಹಾಗೇ ಕಾಣುತ್ತದೆ, ಅದಕ್ಕೇ ಬಯಾಪ್ಸಿ ಬೇಕೇ ಬೇಕು. ಜಾಗ ಮರಗಟ್ಟಿಸಿ ಒಂದು ಚೂರು ತೆಗೆಯುತ್ತಾರೆ, ಅಷ್ಟೇ. ಆದರೆ ಅದನ್ನೆಲ್ಲ ಕೆಡದಂತೆ ಇಡುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಫ್ಲೋ ಸೈಟೋಮೆಟ್ರಿ (ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅವು ಯಾವ ಬಗೆಯವು ಅಂತ ನೋಡುವ ಪರೀಕ್ಷೆ) ಮಾಡಲು ಬರುವುದಿಲ್ಲ, ಒಂದಿಷ್ಟು ಹಸಿಯಾಗಿಯೇ ಲ್ಯಾಬ್ ಸೇರಬೇಕು, ಹಾಸನದಿಂದ ಬೆಂಗಳೂರಿಗೆ ಕಳಿಸುವುದಾದರೆ ಇದನ್ನು ಮೊದಲೇ ಕೇಳಿಕೊಳ್ಳಿ. ಜೀವಕೋಶದ ಮೇಲಿರುವ ಸಿಡಿ20 ತರಹದ ಪ್ರೋಟೀನ್ ಗುರುತುಗಳನ್ನೂ ನೋಡುತ್ತಾರೆ. ಜಾಸ್ತಿ ಸಿಗುವುದು ನಿಧಾನವಾಗಿ ಬೆಳೆಯುವ ಮಾಲ್ಟ್ (ಲೋಳೆಪದರದ ಲಿಂಫಾಯ್ಡ್ ಅಂಗಾಂಶದ) ಲಿಂಫೋಮಾ. ಖಚಿತವಾದ ಮೇಲೆ ಇನ್ನೊಂದು ಕಣ್ಣು, ರಕ್ತ, ಮೈಯ ಸ್ಕ್ಯಾನ್ ಎಲ್ಲ ಆಗುತ್ತದೆ, ಬೇರೆ ಕಡೆಯೂ ಇದೆಯಾ ಅಂತ ನೋಡಬೇಕಲ್ವಾ.